ಚಿಗಳಿ, ಕಾರ್ನೆಟ್ ಮತ್ತು ನಮ್ಮ ಬ್ಯಾಂಡ್ ಮೇಷ್ಟ್ರು

ನೌಕಾಪಡೆಯ ಬ್ಯಾಂಡಿನಿಂದ ನಿವೃತ್ತರಾದವರು ಒಂದು ಕಡೆ ಸೇರಿದರೆ ಮೊದಲು ಬರುವ ಮಾತು ಹಲ್ಲಿನದು. ಹಿತ್ತಾಳೆ ವಾದ್ಯ ಊದುವವನಿಗೆ ಮುಂದಿನ ಹಲ್ಲು ಹೋದರೆ ಅರ್ಧ ವಿದ್ಯೆ ಹೋಯಿತು ಅಂತಲೇ ಲೆಕ್ಕ. ತುಟಿಗೆ ಹಿಂದಿನಿಂದ ಆಸರೆ ಬೇಕಲ್ಲ. ಕಟ್ಟಿಸಿಕೊಂಡ ಹಲ್ಲು ಮೇಲಿನ ಸ್ವರಕ್ಕೆ ಹೋದ ಕೂಡಲೇ ಅಲುಗಾಡುತ್ತದೆ. ಡ್ರಮ್ಮಿನವರಿಗೆ ಈ ಕಷ್ಟವಿಲ್ಲ. ಕಳೆದ ವರ್ಷ ಕೊಚ್ಚಿಯಲ್ಲಿ ಸೇರಿದಾಗ ಅವರು ಊಟದ ಮೇಜನ್ನೇ ಬಾರಿಸುತ್ತಾ ನಮ್ಮ ಕಡೆ ನೋಡಿ ನಗುತ್ತಿದ್ದರು.

ನಿನಗೆ ಮೊದಲು ಊದಲು ಕಲಿಸಿದ್ದು ಯಾರು ಎಂಬ ಮಾತು ಅಲ್ಲೇ ಬಂತು. ಗೋವಾದವರು, ಮಂಗಳೂರಿನವರು ಚರ್ಚು ಅಂದರು. ಕೆಲವರು ಅಪ್ಪನ ಮದುವೆ ಬ್ಯಾಂಡು ಅಂದರು. ಮೈಸೂರಿನ ನನ್ನ ಹೈಸ್ಕೂಲು ಅಂದೆ ನಾನು. ಒಬ್ಬರೂ ನಂಬಲಿಲ್ಲ. ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಶಾಲೆಯಿಂದ ಫೋನ್ ಬಂದಾಗ ತಕ್ಷಣ ಒಪ್ಪಿಕೊಂಡದ್ದು ಅದಕ್ಕೇ. ಅಚ್ಚಾದ ಮೇಲೆ ಒಂದು ಪ್ರತಿ ಕೊಚ್ಚಿಗೆ ಕಳಿಸುತ್ತೇನೆ.

ಹೈಸ್ಕೂಲಿನಲ್ಲಿ ಏನು ಪಾಠ ಓದಿದೆ ಅಂತ ಕೇಳಬೇಡಿ. ಸೈಕಲ್ ಸ್ಟ್ಯಾಂಡಿನ ಪಕ್ಕದ ತಗಡಿನ ಶೆಡ್ಡು ಮಾತ್ರ ನೆನಪಿದೆ. ಬ್ಯಾಂಡ್ ಮೇಷ್ಟ್ರು ಮೈಸೂರು ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದವರು. ಮೈಸೂರಿನಲ್ಲಿ ಅರಮನೆ ಕಾಲದಿಂದಲೂ ಎರಡು ಬ್ಯಾಂಡು, ಇಂಗ್ಲಿಷ್ ಬ್ಯಾಂಡ್ ಮತ್ತು ಕರ್ನಾಟಕ ಬ್ಯಾಂಡ್. ಕರ್ನಾಟಕ ಬ್ಯಾಂಡಿನವರು ಕ್ಲಾರಿನೆಟ್ಟು, ಸ್ಯಾಕ್ಸೊಫೋನುಗಳಲ್ಲೇ ಕೃತಿ ನುಡಿಸುವವರು. ಮೇಷ್ಟ್ರು ಇಂಗ್ಲಿಷ್ ಬ್ಯಾಂಡಿನವರು. ಆದರೂ ಅವರ ಕಿವಿ ತುಂಬಾ ಕರ್ನಾಟಕ ಸಂಗೀತವೇ. ಐದು ಗೆರೆಯ ಮೇಲೆ ಸ್ವರ ಬರೆಯುವ ಸ್ಟಾಫ್ ನೋಟೇಷನ್ ನಮ್ಮ ತಲೆಗೆ ಹೋಗದಿದ್ದಾಗ, "ಬಿಡ್ರೋ, ಸರಿಗಮ ಅಂದ್ಕೊಂಡು ಊದಿ" ಅನ್ನುತ್ತಿದ್ದರು.

ಅವರ ಜೇಬಿನಲ್ಲಿ ಸದಾ ಒಂದು ಸ್ಟಾಪ್‌ವಾಚು. ರಾಷ್ಟ್ರಗೀತೆ ಅಂದರೆ 52 ಸೆಕೆಂಡು. 55 ಆದರೆ, "ನಿದ್ದೆ ಬಂತೇನ್ರೋ?" 48 ಆದರೆ, "ಯಾವ ಬಸ್ ಹಿಡೀಬೇಕಿತ್ತು?" 52ಕ್ಕೆ ಮುಗಿದರೆ ಏನೂ ಅನ್ನುತ್ತಿರಲಿಲ್ಲ. ವಾಚು ಸುಮ್ನೆ ಜೇಬಿಗೆ ಹೋಗುತ್ತಿತ್ತು. ನಮಗೆ ಅದೇ ಬಹುಮಾನ.

ಒಂದು ಸಲ ಆಗಸ್ಟ್ 15 ಹತ್ತಿರ ಬಂದಿತ್ತು. ಸ್ಕೂಲ್ ಗೇಟಿನ ಅಜ್ಜಿಯ ಹತ್ತಿರ ಡ್ರಮ್ಮಿನ ಹುಡುಗರು ಚಿಗಳಿ ಕೊಂಡರು. ಹುಣಸೆಹಣ್ಣು, ಉಪ್ಪು, ಮೆಣಸಿನಕಾಯಿ, ಬೆಲ್ಲ ಕುಟ್ಟಿ ಕಡ್ಡಿಗೆ ಸಿಕ್ಕಿಸಿದ್ದು. ಡ್ರಮ್ಮಿನವರಿಗೆ ಕೈಗೆ ಕೆಲಸ, ಬಾಯಿ ಖಾಲಿ. ನಾವು ಕಾರ್ನೆಟ್, ಅಂದರೆ ತುತ್ತೂರಿಯಂಥ ಹಿತ್ತಾಳೆ ವಾದ್ಯ, ಎತ್ತಿದ್ದೇ ತಡ, ಎದುರಿಗೆ ನಿಂತು ಚಪ್ಪರಿಸತೊಡಗಿದರು. ನಮ್ಮ ಬಾಯಲ್ಲಿ ನೀರೋ ನೀರು. ತುಟಿ ನಿಲ್ಲಲಿಲ್ಲ. ಸ್ವರದ ಬದಲು ಗೊರಗೊರ ಸದ್ದು. ಮೇಷ್ಟ್ರು ಯಾರಿಗೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮಾರನೆಯ ದಿನ ತಾವೇ ಒಂದು ಚಿಗಳಿ ಬಾಯಿಗಿಟ್ಟುಕೊಂಡು ಕುರ್ಚಿ ಹತ್ತಿ ನಿಂತರು. ಕಣ್ಣು ಮುಚ್ಚಿ ಚೀಪುತ್ತಾ ಕೈ ಬೀಸಿದರು. ತಪ್ಪಿದರೆ ಮೊದಲಿನಿಂದ. ಸಂಜೆ ಆರಾಯಿತು. ಕೊನೆಗೆ ಊದಿದೆವು! ಚಿಗಳಿ ತಂದವರಿಗೆ ಶಿಕ್ಷೆ ಇರಲಿಲ್ಲ ಅನ್ನೋದು ನನಗೆ ಈಗಲೂ ಸಣ್ಣ ಹೊಟ್ಟೆಯುರಿ.

ನಾನು ನೌಕಾಪಡೆಗೆ ಸೇರಿದ್ದು ಎಂಬತ್ತರ ದಶಕದಲ್ಲಿ. ಮೊದಲು ಒಡಿಶಾದ ನೌಕಾ ತರಬೇತಿ ನೆಲೆ ಐಎನ್‌ಎಸ್ ಚಿಲ್ಕಾದಲ್ಲಿ ಡ್ರಿಲ್ಲು, ಈಜು, ರೈಫಲ್ಲು. ಆಮೇಲೆ ಮುಂಬೈ ಕೊಲಾಬಾದ ಐಎನ್‌ಎಸ್ ಕುಂಜಾಲಿ ನೆಲೆಯಲ್ಲಿ ಸಂಗೀತ ಶಾಲೆ. ಅಲ್ಲಿನ ಉಸ್ತಾದರು ನನ್ನ ಊದು ಕೇಳಿ, "ತಾಳ ಯಾರು ಹಾಕಿಕೊಟ್ಟಿದ್ದು?" ಅಂದರು. ಹೊಗಳಿಕೆಗೆ ಬಹಳ ಜಿಪುಣರು ಅವರು, ಹಾಗಾಗಿ ಇದನ್ನು ಬರೆಯಲೇಬೇಕು.

ಚಿಗಳಿಯ ಪಾಠ ಕೈ ಹಿಡಿದದ್ದು ದೆಹಲಿಯಲ್ಲಿ. ಗಣರಾಜ್ಯೋತ್ಸವದ ಕೊನೆಗೆ ಸೇನಾ ಬ್ಯಾಂಡುಗಳು ನುಡಿಸುವ ಜನವರಿ 29ರ ಬೀಟಿಂಗ್ ರಿಟ್ರೀಟ್‌ಗೆ ವಿಜಯ್ ಚೌಕದಲ್ಲಿ ಅಭ್ಯಾಸ. ಚಳಿಗೆ ಹಿತ್ತಾಳೆ ತಣ್ಣಗಾದರೆ ಶ್ರುತಿ ಇಳಿಯುತ್ತದೆ. ಮೌತ್‌ಪೀಸ್ ತುಟಿಗೆ ಇಟ್ಟರೆ ಚುರ್ ಅನ್ನುತ್ತದೆ, ತುಟಿ ಬಿರಿಯುತ್ತದೆ. ಪಕ್ಕದವರು ತಡವರಿಸಿದಾಗಲೂ ನಾನು ಊದಿದೆ. ಬಾಯಿ ಏನು ಮಾಡಿದರೂ ಉಸಿರು ನಿಲ್ಲಿಸಬಾರದು ಅಂತ ಶೆಡ್ಡಿನಲ್ಲೇ ಕಲಿತಾಗಿತ್ತಲ್ಲ.

ಇನ್ನೊಂದು ಹೆಮ್ಮೆ ಹೇಳಿಬಿಡುತ್ತೇನೆ. 1999ರ ಜೂನ್ 2ರಂದು ಮುಂಬೈಯಲ್ಲಿ ಹೊಸ ಐಎನ್‌ಎಸ್ ಮೈಸೂರು ಹಡಗು ಸೇವೆಗೆ ಸೇರಿದಾಗ ನುಡಿಸಿದವರಲ್ಲಿ ನಾನೂ ಒಬ್ಬ. ಹಡಗಿನ ಲಾಂಛನದಲ್ಲಿ ನಮ್ಮ ಗಂಡಭೇರುಂಡ. ನಮ್ಮೂರಿನದು ಕಣೋ ಅಂತ ಎಲ್ಲರಿಗೂ ತೋರಿಸಿದೆ. ಹಕ್ಕಿಗೆ ಎರಡು ತಲೆ ಯಾಕೆ ಅಂತ ಗೋವಾದ ಟ್ರಾಂಬೋನಿನವನು ಕೇಳಿದ. ಒಂದು ಊದೋಕೆ, ಒಂದು ಉಸಿರಾಡೋಕೆ ಅಂದೆ. ಅದನ್ನು ಮೇಷ್ಟ್ರಿಗೆ ಹೇಳಬೇಕು ಅನ್ನಿಸಿತು. ಆದರೆ ಅವರು ತೀರಿಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು. ನಾನು ಸಮುದ್ರದಲ್ಲಿದ್ದೆ, ಅಮ್ಮನ ಇನ್‌ಲ್ಯಾಂಡ್ ಲೆಟರ್ ಕೈಸೇರುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಪೊಲೀಸ್ ಬ್ಯಾಂಡಿನ ಹಳೆಯ ಗೆಳೆಯರು ಬಂದು ನುಡಿಸಿದರಂತೆ.

ಕೊಚ್ಚಿಯಲ್ಲಿ ಜಗಳವೂ ಆಯಿತು. ಗಾಂಧೀಜಿಗೆ ಇಷ್ಟವಾಗಿದ್ದ 'ಅಬೈಡ್ ವಿತ್ ಮಿ' ಎಂಬ ಕ್ರೈಸ್ತ ಪ್ರಾರ್ಥನೆಯನ್ನು 2022ರಲ್ಲಿ ಬೀಟಿಂಗ್ ರಿಟ್ರೀಟ್‌ನಿಂದ ಕೈಬಿಟ್ಟು, 'ಏ ಮೇರೆ ವತನ್ ಕೆ ಲೋಗೋ' ಸೇರಿಸಿದ್ದು ಸರಿಯೋ ತಪ್ಪೋ? ನಮ್ಮ ಹಾಡು ನಮಗೆ ಬೇಡವೇ ಅಂತ ಕೆಲವರು. ಗಂಟೆಗಳ ನಾದದ ಜೊತೆ 'ಅಬೈಡ್ ವಿತ್ ಮಿ' ನುಡಿಸಿದ ಸಂಜೆ ಮರೆಯೋಕಾಗುತ್ತಾ ಅಂತ ಇನ್ನು ಕೆಲವರು. ನಾನು ಎರಡನೆಯ ಗುಂಪು. ಪಾಯಸ ಬಂದ ಮೇಲೆ ಎಲ್ಲರೂ ಸುಮ್ಮನಾದರು.

ಈಚೆಗೆ ಒಂದು ಶಾಲೆಯ ಕ್ರೀಡಾದಿನಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಮಾರ್ಚ್‌ಪಾಸ್ಟಿಗೆ ಸ್ಪೀಕರ್. ರಾಷ್ಟ್ರಗೀತೆ ಮೊಬೈಲಿನಿಂದ, ನಡುವೆ ಯಾರದೋ ಫೋನ್ ಕಾಲ್. ಮಕ್ಕಳು ಬುದ್ಧಿವಂತರು, ಅಂಕವೂ ಜಾಸ್ತಿ ತೆಗೆಯುತ್ತಾರೆ. ಆದರೆ ನಲವತ್ತು ಜನ ಒಟ್ಟಿಗೆ ಉಸಿರು ತೆಗೆದುಕೊಳ್ಳುವುದು ಯಾವ ಟ್ಯೂಷನ್ನಿನಲ್ಲೂ ಇಲ್ಲ ಅಲ್ವಾ?

ಹೆಡ್‌ಮಾಸ್ಟರಿಗೆ ಒಂದು ಮಾತು. ನೌಕಾಪಡೆಯ ಅಗ್ನಿವೀರ್ ಸಂಗೀತಗಾರರ ಭರ್ತಿಗೆ ಹತ್ತನೇ ತರಗತಿ ಪಾಸಾಗಿ, ಒಂದು ವಾದ್ಯ ಬಂದು, ಕಿವಿ ಚೆನ್ನಾಗಿರಬೇಕು. ಈಗ ಹೆಣ್ಣುಮಕ್ಕಳೂ ಅರ್ಜಿ ಹಾಕಬಹುದು. ಭಾನುವಾರ ಒಂದು ಕೋಣೆ ಬಿಟ್ಟುಕೊಡಿ. ನನ್ನ ಕಾರ್ನೆಟ್ ಇದೆ, ಸ್ಟಾಪ್‌ವಾಚು ನಾನೇ ಕೊಳ್ಳುತ್ತೇನೆ. ಊದಿ ತೋರಿಸಲು ನನಗೆ ಹಲ್ಲಿಲ್ಲ. ಮಂಡ್ಯದಲ್ಲಿ ನೆಲೆಸಿರುವ ನಮ್ಮ ಕ್ಲಾರಿನೆಟ್ ಗೆಳೆಯನಿಗೆ ಇನ್ನೂ ಇದೆ, ಬಸ್ ಚಾರ್ಜ್ ಕೊಟ್ಟರೆ ಬರುತ್ತಾನೆ. ಬೈಯುವ ಕೆಲಸ ನನಗಿರಲಿ.