ಬಂಕಮ್ ಕೌಂಟಿಯಿಂದ

ಪಕ್ಕದ ಮನೆಯ ಅಜ್ಜಿ ಮೊನ್ನೆ ಹೇಳಿದ್ದು ಇನ್ನೂ ಮನಸ್ಸನ್ನು ಕೊರೆಯುತ್ತಿದೆ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬಂತಲ್ಲ, ಆಗ ಅವರ ತಂಗಿಯ ಮನೆಗೆ ಸ್ವಾನನೋವಾ ನದಿ ನುಗ್ಗಿತ್ತು. ತುರ್ತು ಖರ್ಚಿಗೆಂದು ಸರ್ಕಾರ 750 ಡಾಲರ್ ಕೊಡುತ್ತಿತ್ತು. ಅದು ಸಾಲ, ತೀರಿಸದಿದ್ದರೆ ಜಾಗ ಕಿತ್ತುಕೊಳ್ಳುತ್ತಾರೆ ಅಂತ ಸುಳ್ಳು ಸುದ್ದಿ ಹಬ್ಬಿತು. ತಂಗಿ ಹೆದರಿ ಅರ್ಜಿಯನ್ನೇ ಹಾಕಲಿಲ್ಲವಂತೆ.

"ಬಂಕಮ್‌ನವರು ನಾವೇ ಮೋಸ ಹೋದೆವು ನೋಡು" ಅಂದರು ಅಜ್ಜಿ.

ನಾವಿರುವ ಆಶ್‌ವಿಲ್ ಊರು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಬಂಕಮ್ ಕೌಂಟಿಯಲ್ಲಿ, ಅಂದರೆ ಬಂಕಮ್ ಜಿಲ್ಲೆಯಲ್ಲಿದೆ. 1820ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಇಲ್ಲಿನ ಪ್ರತಿನಿಧಿ ಫೀಲಿಕ್ಸ್ ವಾಕರ್. ಮಿಸ್ಸೌರಿಯಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂಬ ಚರ್ಚೆ ಮುಗಿಯುವ ಹೊತ್ತಿಗೆ ಈತ ಭಾಷಣಕ್ಕೆ ಎದ್ದ. ಸಾಕು ಕೂತ್ಕೊಳ್ಳಿ ಅಂತ ಉಳಿದವರು ಕೂಗಿದರು. ನಾನು ಬಂಕಮ್‌ಗಾಗಿ ಮಾತಾಡಬೇಕು ಅಂದ. ಸಾವಿರಾರು ಜನರ ಬಿಡುಗಡೆಯ ಪ್ರಶ್ನೆ ಎದುರಿಗಿದ್ದಾಗ ಇವನಿಗೆ ಊರಿನ ಮತದಾರರ ಮೆಚ್ಚುಗೆಯ ಚಿಂತೆ! ಅಲ್ಲಿಂದ ಪೊಳ್ಳು ಮಾತಿಗೆ ಇಂಗ್ಲಿಷಿನಲ್ಲಿ ಬಂಕಮ್ ಅನ್ನುವ ಹೆಸರು ಬಂತು, ಆಮೇಲೆ ಚಿಕ್ಕದಾಗಿ ಬಂಕ್ ಆಯಿತು. 1923ರಲ್ಲಿ ವಿಲಿಯಂ ವುಡ್‌ವರ್ಡ್ 'ಬಂಕ್' ಎಂಬ ಕಾದಂಬರಿಯಲ್ಲಿ ಇಂಥ ಪೊಳ್ಳನ್ನು ಕಿತ್ತು ತೆಗೆಯುವ ಕೆಲಸಕ್ಕೆ ಡಿಬಂಕ್ ಅಂದರು.

ಆ ಕೆಲಸವನ್ನು ನಮ್ಮಲ್ಲಿ ಎಚ್. ನರಸಿಂಹಯ್ಯನವರು ಮಾಡಿದರು. ಗೌರಿಬಿದನೂರು ಕಡೆಯ ಹೊಸೂರಿನ ಬಡ ಹುಡುಗ. ಅಮೆರಿಕದ ಓಹಾಯೊದಲ್ಲಿ ಭೌತಶಾಸ್ತ್ರ ಓದಿ ಊರಿಗೇ ಮರಳಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪವಾಡ ತೋರಿಸಿ ಅಂತ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಟೀಕೆ ಮಾತ್ರ ಬೇಕಾದಷ್ಟು ಬಂತು. ಖಾದಿ ತೊಟ್ಟು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನಲ್ಲೇ ಬಾಳಿದ ಮನುಷ್ಯ ಅದಕ್ಕೆಲ್ಲ ಹೆದರಲಿಲ್ಲ. ಇಲ್ಲಿ ಕೂತು ಅವರನ್ನು ನೆನೆದರೆ ನನಗೆ ಹೆಮ್ಮೆ ಉಕ್ಕುತ್ತದೆ.

ಆದರೆ ನಮ್ಮ ಮನೆಯ ವಾಟ್ಸಾಪ್ ಗ್ರೂಪ್ ನೋಡಿದರೆ ಸಂಕಟ. ದೊಡ್ಡವರು ಏನು ಹಾಕಿದರೂ ಚಿಕ್ಕವರು ಕೈಮುಗಿಯುತ್ತಾರೆ. ಸಕ್ಕರೆ ಕಾಯಿಲೆಗೆ ಮಾತ್ರೆ ಬಿಡಿ, ಈ ಕಷಾಯ ಸಾಕು ಅಂತ ಬಂದಾಗಲೂ ಅಷ್ಟೇ. ಎದುರು ಮಾತಾಡಬಾರದು ಎನ್ನುವ ಮರ್ಯಾದೆ ಜಾಸ್ತಿ ನಮ್ಮಲ್ಲಿ, ಅಲ್ವಾ?

ನಿನ್ನೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅದು ಸುಳ್ಳು, ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ ಅಂದೆ. ಅವರಿಗೆ ಬೇಜಾರಾಯಿತು. ಭಾನುವಾರ ಮತ್ತೆ ಮಾಡುತ್ತೇನೆ.