ಹದಿನೆಂಟನೇ ಬೆಂಚಿನಲ್ಲಿ ಕೂತು ಕಲಿತದ್ದು

ನನ್ನ ಕೆಲಸದ ಬಗ್ಗೆ ಕೇಳಿದವರಿಗೆ ಅದು ಭಾರೀ ಸುಲಭ ಅನಿಸುತ್ತದೆ. ರಿಹರ್ಸಲ್ ನಡೆಯುವಾಗ ಕ್ಯಾಥೆಡ್ರಲ್‌ನ ಖಾಲಿ ಬೆಂಚುಗಳ ನಡುವೆ ಕೂತು ಕೇಳುವುದು, ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುವುದು, ವಿರಾಮದಲ್ಲಿ ಕಂಡಕ್ಟರ್‌ಗೆ ಹೋಗಿ ಹೇಳುವುದು. ಸಹಾಯಕ ಕಂಡಕ್ಟರ್ ಅಂತ ಹೆಸರು. (ಟಿಕೆಟ್ ಹರಿಯುವವರಲ್ಲ, ಕೋಲು ಹಿಡಿದು ಲಯ ತೋರಿಸುವವರು.) ಮುಂದೆ ನಿಂತ ಕಂಡಕ್ಟರ್‌ಗೆ ಹತ್ತಿರದ ಪಿಟೀಲುಗಳೇ ಜಾಸ್ತಿ ಕೇಳಿಸುತ್ತವೆ. ಹಿಂದಿನ ಬೆಂಚಿಗೆ ಏನು ತಲುಪುತ್ತಿದೆ ಅಂತ ಹೇಳಲು ಒಬ್ಬರು ಬೇಕು. ಅದು ನಾನು.

ಮೊದಲ ವರ್ಷ ಮೊಜಾರ್ಟ್‌ನ ರೆಕ್ವಿಯಮ್ ಇತ್ತು. ತೀರಿಹೋದವರಿಗಾಗಿ ಚರ್ಚಿನಲ್ಲಿ ನಡೆಯುವ ಬಲಿಪೂಜೆಯ (ಮಾಸ್) ಸಂಗೀತ. 1791ರಲ್ಲಿ ಇದನ್ನು ಬರೆಯುತ್ತಿರುವಾಗಲೇ ಆತನೂ ತೀರಿಕೊಂಡ. ಪೂರ್ತಿ ಅವನ ಕೈಯಲ್ಲೇ ಮುಗಿದದ್ದು ಮೊದಲ ಭಾಗ ಒಂದೇ. ಈ ಕೃತಿಯಲ್ಲಿ ಕೊಳಲು ಇಲ್ಲ, ಓಬೋ ಇಲ್ಲ. ಅವುಗಳ ಬದಲು ತಗ್ಗು ದನಿಯ ಊದುವಾದ್ಯಗಳು: ಎರಡು ಬ್ಯಾಸೆಟ್ ಹಾರ್ನ್, ಎರಡು ಬಸೂನ್. ಮೇಲೆ ಮೂರು ಟ್ರಾಂಬೋನ್, ಹಿತ್ತಾಳೆಯ ಊದುವಾದ್ಯ. ಅಂದರೆ ಅದರ ನಾದದ ಬಣ್ಣವೇ ಸ್ವಲ್ಪ ಮಬ್ಬು.

ಅಲ್ಲಿಯವರೆಗೆ ಕಾಯರ್ (ಹಾಡುಗಾರರ ತಂಡ) ಅಭ್ಯಾಸ ಮಾಡಿದ್ದು ಕಾರ್ಪೆಟ್ ಹಾಸಿದ ಕೋಣೆಯಲ್ಲಿ. ಒಂದೊಂದು ಅಕ್ಷರವೂ ಸ್ಪಷ್ಟ. ಕ್ಯಾಥೆಡ್ರಲ್ ಒಳಗೆ ಬಂದು 'ಕೀರಿಯೆ' ಶುರು ಮಾಡಿದರು ನೋಡಿ, ಎಲ್ಲ ಕಲಸಿಹೋಯಿತು. ಅದು ಜೋಡಿ ಫ್ಯೂಗ್. 'ಕೀರಿಯೆ ಎಲೆಯಿಸೋನ್', ಅಂದರೆ 'ಪ್ರಭುವೇ ದಯೆ ತೋರು', ಅನ್ನುವ ಸಾಲಿಗೆ ಒಂದು ರಾಗಪಲುಕು, 'ಕ್ರಿಸ್ತನೇ ದಯೆ ತೋರು' ಅನ್ನುವುದಕ್ಕೆ ಇನ್ನೊಂದು, ಎರಡೂ ಒಟ್ಟಿಗೆ ಬೆನ್ನಟ್ಟಿಕೊಂಡು ಓಡುತ್ತವೆ. ಎರಡನೆಯದರಲ್ಲಿ ಸಣ್ಣ ಸಣ್ಣ ಸ್ವರಗಳು ಸಾಲುಗಟ್ಟಿವೆ. ಆ ಕಟ್ಟಡದಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಅದರ ಸದ್ದು ಸಾಯಲು ಸುಮಾರು ಆರು ಸೆಕೆಂಡು ಬೇಕು. ಹದಿನೆಂಟನೇ ಬೆಂಚಿನಲ್ಲಿ ನನಗೆ ಕೇಳಿಸಿದ್ದು ಫ್ಯೂಗ್ ಅಲ್ಲ, ಬರೀ ಭೋರ್ಗರೆತ.

ನಾನು ಓಡಿಹೋಗಿ ಹೇಳಿದೆ: "ಮಾತು ಕೇಳಿಸುತ್ತಿಲ್ಲ. ಕಾಯರ್ ಇನ್ನೂ ಜೋರಾಗಿ ಹಾಡಲಿ."

ಹಾಡಿದರು. ಇನ್ನೂ ಕೆಟ್ಟಿತು. ಅವರಿಗೆ ಸರಿಸಾಟಿಯಾಗಲು ಆರ್ಕೆಸ್ಟ್ರಾವೂ ದನಿ ಏರಿಸಿತು. ವಿರಾಮದಲ್ಲಿ ಕಾಯರ್‌ನ ಬಾಸ್ (ತಗ್ಗು ಗಂಡುದನಿ) ಸಾಲಿನ ಒಬ್ಬ ಹಿರಿಯರು ನನ್ನ ಹತ್ತಿರ ಬಂದರು. "ನಾವು ಜೋರಾಗಿ ಹಾಡಿದಷ್ಟೂ ಹಿಂದಿನ ಸ್ವರವೂ ಜೋರಾಗಿ ಉಳಿಯುತ್ತದೆ, ಅಲ್ವಾ? ನಮಗೆ ತೊಂದರೆ ಆರ್ಕೆಸ್ಟ್ರಾದಿಂದಲ್ಲ ಮಾರಾಯರೇ, ನಮ್ಮದೇ ಬಾಲದಿಂದ."

ಕೆಲಸಕ್ಕೆ ಬಂದದ್ದು ತೀರಾ ಚಿಕ್ಕ ತಿದ್ದುಪಡಿಗಳು. ಕಲ್ಲಿನ ಕಟ್ಟಡದಲ್ಲಿ ತಗ್ಗು ಸ್ವರಗಳು ಹೆಚ್ಚು ಹೊತ್ತು ಸುಳಿದಾಡುತ್ತವೆ. ಹಾಗಾಗಿ ಚೆಲ್ಲೊ ಮತ್ತು ಡಬಲ್ ಬಾಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯಗಳು) ನುಡಿಸುವವರು ಪ್ರತಿ ಸ್ವರವನ್ನೂ ಬರೆದದ್ದಕ್ಕಿಂತ ಕೊಂಚ ಮೊದಲೇ ಬಿಟ್ಟರು. 'ಕೀರಿಯೆ'ಯ 'ಕ' ತಾಳಕ್ಕಿಂತ ಕೂದಲೆಳೆ ಮುಂಚೆ ಬರಬೇಕು, ಆಗ ಆಮೇಲಿನ 'ಈ' ತಾಳದ ಮೇಲೆ ಬೀಳುತ್ತದೆ. 'ಎಲೆಯಿಸೋನ್'ನ 'ಸ' ಎಲ್ಲರ ಬಾಯಿಂದ ಒಂದೇ ಸಲ ಬರಬೇಕು, ಇಲ್ಲದಿದ್ದರೆ ಅರವತ್ತು ಹಾವು ಬುಸುಗುಟ್ಟಿದ ಹಾಗೆ. ಟ್ರಾಂಬೋನ್‌ಗಳು ಕಾಯರ್‌ನ ಆಲ್ಟೊ (ತಗ್ಗು ಹೆಣ್ಣುದನಿ), ಟೆನರ್ (ಏರು ಗಂಡುದನಿ), ಬಾಸ್ ದನಿಗಳ ಜೊತೆಗೇ ಸಾಗುತ್ತವೆ. ಅವರಿಗೆ ಹೇಳಿದ್ದು ಇಷ್ಟೇ: ಸ್ವರದ ಮೊದಲ ತುದಿ ತೋರಿಸಿ, ಆಮೇಲೆ ಹಿಂದೆ ಸರಿಯಿರಿ. ಕಂಡಕ್ಟರ್ ವೇಗವನ್ನೂ ಸ್ವಲ್ಪ ಇಳಿಸಿದರು. ಜೋರು ಕಡಿಮೆಯಾಯಿತು, ಮಾತು ಕೇಳಿಸಿತು.

ಇನ್ನೊಂದು ತಾಪತ್ರಯ ದೂರದ್ದು. ಮುಂದಿನ ಪಿಟೀಲಿಗೂ ಕಾಯರ್‌ನ ಕೊನೆಯ ಸಾಲಿಗೂ 17 ಮೀಟರ್ ಅಂತರ ಇದ್ದರೆ ಸದ್ದು ತಲುಪಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬೇಕು. ಪಿಟೀಲು ಕೇಳಿಸಿಕೊಂಡು ಹಾಡಿದರೆ ಅಷ್ಟು ತಡ. ಆ ತಡವಾದ ಹಾಡು ಮತ್ತೆ ಮುಂದೆ ಬರಲು ಇನ್ನಷ್ಟು ತಡ. ಹಿಂದಿನ ಸಾಲಿನವರು ಕಿವಿ ಬಿಟ್ಟು ಕೋಲನ್ನೇ ನಂಬಬೇಕು. ಹೇಳುವುದು ಸುಲಭ, ಹಾಡುವವರಿಗೆ ಹಿಂಸೆ.

ಅಲ್ಲಿಗೆ ಎಲ್ಲ ಗೊತ್ತಾಯಿತು ಅಂದುಕೊಂಡೆ. 'ಕೀರಿಯೆ'ಯ ಕೊನೆಯಲ್ಲಿ ಒಂದು ಕರ್ಕಶವಾದ ಸ್ವರಗುಚ್ಛ ಬಂದು ಎಲ್ಲರೂ ತಟ್ಟನೆ ನಿಲ್ಲುತ್ತಾರೆ. ಪೂರ್ತಿ ಮೌನ. ಆಮೇಲೆ ನಿಧಾನವಾಗಿ ಕೊನೆಯ ಸಾಲು. ಖಾಲಿ ಕ್ಯಾಥೆಡ್ರಲ್‌ನಲ್ಲಿ ಆ ಮೌನ ಮೌನವಾಗಿರಲಿಲ್ಲ. ನಿಂತ ಸ್ವರಗಳು ಕಮಾನಿನ ಕೆಳಗೆ ತೂಗಾಡುತ್ತಿದ್ದವು. ನಾನು ಗಡಿಯಾರ ಹಿಡಿದು ಅಳೆದೆ. "ಆರು ಸೆಕೆಂಡು ಕಾಯಿರಿ" ಅಂತ ಕಂಡಕ್ಟರ್‌ಗೆ ಬರೆದುಕೊಟ್ಟೆ. ಅವರು ಚೀಟಿ ನೋಡಿ ಸುಮ್ನೆ ಜೇಬಿಗೆ ಹಾಕಿಕೊಂಡರು.

ಸಂಗೀತ ಕಛೇರಿಯ ದಿನ ಬೆಂಚುಗಳು ತುಂಬಿದ್ದವು. ಮೈ ತುಂಬ ಬಟ್ಟೆ ತೊಟ್ಟ ಜನ ಸದ್ದನ್ನು ಹೀರಿಕೊಳ್ಳುತ್ತಾರೆ ಅನ್ನುವುದು ನನಗೆ ಪುಸ್ತಕದಿಂದ ಗೊತ್ತಿತ್ತು, ತಲೆಗೆ ಮಾತ್ರ ಹೋಗಿರಲಿಲ್ಲ. ಸ್ವರಗುಚ್ಛ ನಿಂತಿತು. ನಾನು ಎಣಿಸತೊಡಗಿದೆ. ಒಂದು, ಎರಡು, ಮೂರು. ಸದ್ದು ಆಗಲೇ ಹೋಗಿತ್ತು. ನಾಲ್ಕು ಅನ್ನುವಷ್ಟರಲ್ಲಿ ಕಂಡಕ್ಟರ್ ಕೋಲು ಎದ್ದಿತು, ಸರಿಯಾಗಿ.

ಈಗಲೂ ಅದೇ ಸ್ವರಲಿಪಿಯ ಪ್ರತಿ ಬಳಸುತ್ತೇನೆ. ಆ ಪುಟದಲ್ಲಿದ್ದ 'ಆರು' ಅಳಿಸಿ, ಅದೇ ಜಾಗದಲ್ಲಿ ಬರೆದುಕೊಂಡಿದ್ದೇನೆ: ಜನ ಎಷ್ಟು?