ಮಧೂರಿನ ಮನೆಯಲ್ಲಿ ಮೂರು ಗೆರೆಯ ಪದಕ

ಕಾಸರಗೋಡಿನಿಂದ ಮಧೂರಿಗೆ ಸುಮಾರು 8 ಕಿಲೋಮೀಟರ್. ಬಸ್ಸಿನಲ್ಲಿ ಹಿಂದಿನವರದ್ದು ಮಲಯಾಳ, ಮುಂದಿನವರದ್ದು ತುಳು, ನನ್ನದೂ ಗೆಳೆಯನದ್ದೂ ಕನ್ನಡ. ಗಣಪತಿಗೆ ಕೈಮುಗಿದು, ಪ್ರಸಾದದ ಸಿಹಿ ಅಪ್ಪ ಕಟ್ಟಿಸಿಕೊಂಡು, ಮಧುವಾಹಿನಿ ಹೊಳೆಯ ಬದಿಯಲ್ಲಿ ಸ್ವಲ್ಪ ಹೊತ್ತು ಕೂತೆವು. ಆದರೆ ನಾನು ಬಂದದ್ದು ಇನ್ನೊಂದು ಆಸೆಯಿಂದ. ಗೆಳೆಯನ ಸೋದರಮಾವ ಸೇನೆಯಲ್ಲಿ ಡಾಕ್ಟರ್ ಆಗಿದ್ದವರು. ಅವರ ವಿಶಿಷ್ಟ ಸೇವಾ ಪದಕವನ್ನು ಒಮ್ಮೆ ಹತ್ತಿರದಿಂದ ನೋಡಬೇಕಿತ್ತು.

ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ಬೆಲ್ಲ, ನೀರು ಬಂತು. "ಮೊದಲು ಆಸರಿಗೆ ತೆಗೊಳ್ಳಿ, ಆಮೇಲೆ ಮಾತು" ಎಂದರು ಮಾವ.

ಪುಟ್ಟ ಡಬ್ಬದಿಂದ ತೆಗೆದು ನನ್ನ ಅಂಗೈ ಮೇಲಿಟ್ಟರು. 35 ಮಿಲಿಮೀಟರಿನ ದುಂಡು ಕಂಚು. ನಡುವೆ ಐದು ಮೂಲೆಯ ನಕ್ಷತ್ರ. ಕತ್ತಿ ಇಲ್ಲ, ಕೋವಿ ಇಲ್ಲ. ತಿರುಗಿಸಿದರೆ ನಮ್ಮ ಸಿಂಹ ಲಾಂಛನ. ಹಳದಿ ರಿಬ್ಬನ್ ಮೇಲೆ ಮೂರು ಕಡು ನೀಲಿ ಗೆರೆ.

"ಗೆರೆ ಜಾಸ್ತಿ ಆದಷ್ಟೂ ಪದಕ ದೊಡ್ಡದಾ ಮಾವ?"

"ಅಲ್ಲ, ಉಲ್ಟಾ. ಪರಮ ವಿಶಿಷ್ಟ ಸೇವಾ ಪದಕಕ್ಕೆ ಒಂದೇ ಗೆರೆ, ಚಿನ್ನದ ಲೇಪ. ಅತಿ ವಿಶಿಷ್ಟಕ್ಕೆ ಎರಡು, ಅದು ಬೆಳ್ಳಿ. ನಕ್ಷತ್ರ ಮಾತ್ರ ಮೂರರಲ್ಲೂ ಒಂದೇ."

1960ರಲ್ಲಿ ಶುರುವಾದಾಗ ಇವಕ್ಕೆ ಒಂದನೇ, ಎರಡನೇ, ಮೂರನೇ ದರ್ಜೆ ಅಂತಲೇ ಹೆಸರಿತ್ತು. 1967ರಲ್ಲಿ ಈಗಿನ ಹೆಸರು ಬಂತು. ಒಳ್ಳೆಯದೇ ಆಯಿತು. ಇಷ್ಟು ದುಡಿದವರನ್ನು ಮೂರನೇ ದರ್ಜೆ ಅಂತ ಕರೆಯೋದು ಸರಿಯಲ್ಲ, ಅಲ್ವಾ? 1980ರಲ್ಲಿ ಯುದ್ಧ ಸೇವಾ ಪದಕಗಳು ಬೇರೆಯಾದವು. ಅಲ್ಲಿಂದ ಈಚೆಗೆ ಈ ನಕ್ಷತ್ರ ಗುಂಡು ಹಾರದ ದಿನಗಳ ದುಡಿಮೆಗೆ.

ಮಾವನ ದುಡಿಮೆ ಲೇಹ್‌ನಲ್ಲಿ. "ಎತ್ತರದ ಪೋಸ್ಟಿಗೆ ಹೋದ ಹುಡುಗರಿಗೆ ಒಮ್ಮೊಮ್ಮೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ರಾತ್ರಿ ಕೆಮ್ಮು ಶುರುವಾಗ್ತದೆ, ಮಲಗಲಿಕ್ಕೆ ಆಗುವುದಿಲ್ಲ, ತುಟಿ ನೀಲಿ ಆಗ್ತದೆ. ಆಕ್ಸಿಜನ್ ಕೊಡಬೇಕು, ಬೇಗ ಕೆಳಗಿಳಿಸಬೇಕು. ಬೆಳಿಗ್ಗೆವರೆಗೆ ಕಾಯುವ ಅಂತ ಕೂತರೆ ಹುಡುಗ ಉಳಿಯುವುದಿಲ್ಲ." ಹಾಗೆ ಉಳಿದವರಲ್ಲಿ ಒಬ್ಬ ಈಗಲೂ ದೀಪಾವಳಿಗೆ ಫೋನ್ ಮಾಡುತ್ತಾನಂತೆ. ಪದಕದ ಬಗ್ಗೆ ಎರಡು ಮಾತಾಡಿದವರು ಆ ಹುಡುಗನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ನನಗೆ ಗಂಟಲು ಕಟ್ಟಿತು.

ಡಬ್ಬ ಮುಚ್ಚುವ ಮೊದಲು ನಕ್ಷತ್ರವನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದರು. ಆಮೇಲೆ ನಮ್ಮ ಪೊಟ್ಟಣದಿಂದ ಒಂದು ಅಪ್ಪ ತೆಗೆದುಕೊಂಡರು.

"ಅಮ್ಮ ಇದನ್ನು ಲೇಹ್‌ಗೆ ಪಾರ್ಸೆಲ್ ಕಳಿಸ್ತಿದ್ದಳು. ಅಲ್ಲಿಗೆ ಬಂದು ಮುಟ್ಟುವಾಗ ಕಲ್ಲಿನ ಹಾಗೆ ಆಗ್ತಿತ್ತು. ಸ್ಟವ್ ಮೇಲಿಟ್ಟು ಬಿಸಿ ಮಾಡಿ, ವಾರ್ಡಿನಲ್ಲಿ ಎಲ್ಲರಿಗೂ ಒಂದೊಂದು ಚೂರು ಕೊಡ್ತಿದ್ದೆ."